ಹೊಸ ಕ್ಯಾಮೆರಾ ಬೇಕಾ, ಹೊಸ ಫರ್ಮ್‌ವೇರ್ ಸಾಕಾ? ಮ್ಯಾನುಯಲ್ ಎಕ್ಸ್‌ಪೋಶರ್ ಬಯಸುವವರಿಗೆ ಒಂದು ಹೋಲಿಕೆ

2009ರ ಜೂನ್ 2ರಂದು ಕ್ಯಾನನ್ ಕಂಪನಿ ತನ್ನ 5ಡಿ ಮಾರ್ಕ್ 2 ಕ್ಯಾಮೆರಾಗೆ 1.1.0 ನಂಬರಿನ ಫರ್ಮ್‌ವೇರ್, ಅಂದರೆ ಕ್ಯಾಮೆರಾದೊಳಗೆ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್, ಬಿಟ್ಟಿತು. ಕ್ಯಾಮೆರಾ ಮಾರುಕಟ್ಟೆಗೆ ಬಂದು ಆಗ ಕೆಲವೇ ತಿಂಗಳಾಗಿತ್ತು. ಫುಲ್ ಫ್ರೇಮ್ (ಹಳೆಯ 35 ಎಂಎಂ ಫಿಲ್ಮಿನಷ್ಟು ದೊಡ್ಡ) ಸೆನ್ಸರ್‌ನಲ್ಲಿ 1080ಪಿ ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ) ಅದು. ಆದರೆ ವಿಡಿಯೊ ಶುರು ಮಾಡಿದ ಕೂಡಲೇ ಶಟರ್ ಸ್ಪೀಡ್ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು), ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿರಬೇಕು), ಐಎಸ್‌ಒ (ಬಂದ ಬೆಳಕನ್ನು ಎಷ್ಟು ಹಿಗ್ಗಿಸಬೇಕು) ಮೂರನ್ನೂ ಕ್ಯಾಮೆರಾ ತನ್ನಿಷ್ಟದಂತೆ ಬದಲಿಸುತ್ತಿತ್ತು. ಅದನ್ನು ಹಿಡಿತಕ್ಕೆ ತರಲು ಜನ ಏನೇನೋ ಉಪಾಯ ಹುಡುಕಿದರು. ಅಪರ್ಚರ್ ರಿಂಗ್ ಇರುವ ಹಳೆಯ ನಿಕಾನ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಕ್ಯಾನನ್ ಬಾಡಿಗೆ ಕೂರಿಸಿದರು. ಕ್ಯಾನನ್ ಲೆನ್ಸನ್ನೇ ಸ್ವಲ್ಪ ತಿರುಗಿಸಿ, ಬಾಡಿಯ ಜೊತೆಗಿನ ಸಂಪರ್ಕ ತಪ್ಪಿಸಿ, ಅಪರ್ಚರ್ ಇದ್ದಲ್ಲೇ ನಿಲ್ಲುವಂತೆ ಮಾಡಿದವರೂ ಇದ್ದರು. 1.1.0 ಬಂದ ಮೇಲೆ ಇದ್ಯಾವುದೂ ಬೇಕಾಗಲಿಲ್ಲ. ಎಲ್ಲವನ್ನೂ ಕೈಯಿಂದ ಇಡುವ ಎಂ (ಮ್ಯಾನುಯಲ್) ಮೋಡ್‌ಗೆ ಹಾಕಿದರೆ ಅಪರ್ಚರ್ ನೀವು ಹೇಳಿದಷ್ಟು, ಶಟರ್ 1/30ರಿಂದ 1/4000ರವರೆಗೆ ನೀವು ಹೇಳಿದಷ್ಟು, ಐಎಸ್‌ಒ ಕೂಡ ಹಾಗೆಯೇ. ಸೆನ್ಸರ್ ಅದೇ, ಪ್ರೊಸೆಸರ್ ಅದೇ, ಬಾಡಿ ಅದೇ.

ಹಳೆಯ ಕ್ಯಾಮೆರಾ ಇಟ್ಟುಕೊಂಡು ಹೊಸದು ತಗೊಳ್ಳಬೇಕಾ ಅಂತ ಯೋಚಿಸುತ್ತಿರುವವರಿಗೂ, ಸೆಕೆಂಡ್ ಹ್ಯಾಂಡ್ ಬಾಡಿ ಹುಡುಕುತ್ತಿರುವವರಿಗೂ ನಾನು ಮೊದಲು ಹೇಳುವುದು ಇಷ್ಟೇ: ಮೆಗಾಪಿಕ್ಸೆಲ್ ಆಮೇಲೆ ನೋಡಿ. ಎಕ್ಸ್‌ಪೋಶರ್ ಮೇಲೆ, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಅನ್ನುವುದರ ಮೇಲೆ, ನಿಮಗೆ ಯಾವ ಹಿಡಿತ ಬೇಕು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆ ಹಿಡಿತ ಫರ್ಮ್‌ವೇರ್‌ನಿಂದ ಸಿಗುತ್ತದಾ ನೋಡಿ. ಸಿಗುವುದಿಲ್ಲ ಅಂತ ಗೊತ್ತಾದ ಮೇಲೆ ದುಡ್ಡು ತೆಗೆಯಿರಿ.

ಹಿಡಿತ ಅಂದರೆ ಯಾವ ಹಿಡಿತ?

ಫೋಟೊಗೆ ಎಂ ಮೋಡ್ ಎಲ್ಲ ಡಿಎಸ್‌ಎಲ್‌ಆರ್‌ಗಳಲ್ಲೂ ಇದೆ. ಅದರಲ್ಲಿ ಹೋಲಿಸುವಂಥದ್ದು ಏನೂ ಇಲ್ಲ. ವ್ಯತ್ಯಾಸ ಶುರುವಾಗುವುದು ಎಂ ಮೋಡ್ ಜೊತೆ ಆಟೊ ಐಎಸ್‌ಒ ಹಾಕಿದಾಗ.

ಕಬಿನಿಯ ಬೆಳಗಿನ ಸಫಾರಿ ತಗೊಳ್ಳಿ. ಶಟರ್ 1/1000, ಅಪರ್ಚರ್ ಎಫ್/5.6 ಬೇಕೇ ಬೇಕು. ಪ್ರಾಣಿ ಬಿಸಿಲಿನಿಂದ ಬಿದಿರ ಮೆಳೆಯ ನೆರಳಿಗೆ ಹೋಗುತ್ತದೆ, ಮತ್ತೆ ಹೊರಗೆ ಬರುತ್ತದೆ. ಪ್ರತಿ ಸಲ ಐಎಸ್‌ಒ ತಿರುಗಿಸುತ್ತಾ ಕೂತರೆ ಚಿತ್ರ ತಪ್ಪುತ್ತದೆ. ಅದಕ್ಕೇ ಶಟರ್, ಅಪರ್ಚರ್ ಎರಡನ್ನು ಕಟ್ಟಿಹಾಕಿ ಐಎಸ್‌ಒ ಮಾತ್ರ ಕ್ಯಾಮೆರಾಗೆ ಬಿಡುವುದು. ಆದರೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ನಡುಬೂದು ಮಾಡಲು ನೋಡುತ್ತದೆ, ಅಲ್ವಾ? ಕಪ್ಪು ಕಾಟಿ ಫ್ರೇಮ್ ತುಂಬಿದರೆ ಅದನ್ನು ಬೂದಿಯ ಬಣ್ಣಕ್ಕೆ ತರುತ್ತದೆ. ರಂಗನತಿಟ್ಟಿನ ಕಡುಬಣ್ಣದ ನೀರಿನ ಮುಂದೆ ಬೆಳ್ಳಕ್ಕಿ ನಿಂತರೆ ರೆಕ್ಕೆಯ ಗೆರೆಗಳೆಲ್ಲ ಬಿಳಿಯಲ್ಲಿ ಅಳಿಸಿಹೋಗುತ್ತವೆ. ಆಗ ಮೀಟರಿನ ಲೆಕ್ಕವನ್ನು ತಿದ್ದುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು ಒಂದು ಸ್ಟಾಪ್ (ಅಂದರೆ ಬೆಳಕು ಅರ್ಧದಷ್ಟು) ಕೆಳಗೆ ಎಳೆಯಬೇಕು. ಬೆಳ್ಳನೆಯ ಆಕಾಶದ ಮುಂದೆ ಹಾರುವ ಹದ್ದಿಗೆ ಮೇಲಕ್ಕೆ ತಳ್ಳಬೇಕು. ಎಂ ಮೋಡ್, ಆಟೊ ಐಎಸ್‌ಒ, ಕಾಂಪೆನ್ಸೇಶನ್, ಈ ಮೂರೂ ಒಟ್ಟಿಗೆ ಕೆಲಸ ಮಾಡುತ್ತವಾ? ವನ್ಯಜೀವಿ, ಪಕ್ಷಿ, ಕ್ರೀಡೆ ತೆಗೆಯುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು. ಕಂಪನಿಯ ಜಾಹೀರಾತಿನಲ್ಲಿ ಇದಕ್ಕೆ ಉತ್ತರ ಸಿಗುವುದು ಅಪರೂಪ.

ವಿಡಿಯೊದವರ ಪ್ರಶ್ನೆಗಳು ಬೇರೆ. ಪೂರ್ತಿ ಮ್ಯಾನುಯಲ್ ಇದೆಯಾ? ಸೆಕೆಂಡಿಗೆ 25 ಫ್ರೇಮ್ ವೇಗ ಇದೆಯಾ? ಆಡಿಯೊ ಮಟ್ಟ ಕೈಯಿಂದ ಇಡಬಹುದಾ? ಬೆಳಕು ಮಿತಿ ಮೀರಿದ ಜಾಗದಲ್ಲಿ ಪಟ್ಟೆ ತೋರಿಸುವ ಜೀಬ್ರಾ ಇದೆಯಾ? ಛತ್ರದಲ್ಲಿ ಮದುವೆ ತೆಗೆಯುವವರಿಗೆ ಇದು ಚೆನ್ನಾಗಿ ಗೊತ್ತು. ಆಟೊದಲ್ಲಿ ಬಿಟ್ಟರೆ ಬಿಳಿ ಪಂಚೆ ಉಟ್ಟ ಹಿರಿಯರೊಬ್ಬರು ಮುಂದೆ ದಾಟಿದರೂ ಇಡೀ ಮಂಟಪ ಕಪ್ಪಾಗಿ ಮತ್ತೆ ಬೆಳಗುತ್ತದೆ.

ಕಂಪನಿಯೇ ಕೊಡುವ ಅಪ್‌ಡೇಟ್: ಯಾರು ಎಷ್ಟು ಕೊಟ್ಟರು

ಇಲ್ಲಿ ಕಂಪನಿ ಕಂಪನಿಗೆ, ಒಂದೇ ಕಂಪನಿಯ ಮಾದರಿ ಮಾದರಿಗೆ ವ್ಯತ್ಯಾಸ ಇದೆ.

ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಎರಡೂ 2008ರವು. ಡಿಎಸ್‌ಎಲ್‌ಆರ್‌ನಲ್ಲಿ ಮೊದಲು ವಿಡಿಯೊ ತಂದದ್ದು ಡಿ90: 720ಪಿ, 24 ಫ್ರೇಮ್. ಆದರೆ ಅದರ ವಿಡಿಯೊಗೆ ಪೂರ್ತಿ ಮ್ಯಾನುಯಲ್ ಎಕ್ಸ್‌ಪೋಶರ್ ಯಾವ ಫರ್ಮ್‌ವೇರ್‌ನಿಂದಲೂ ಬರಲಿಲ್ಲ. 5ಡಿ ಮಾರ್ಕ್ 2ಗೆ ಒಂದಾದ ಮೇಲೆ ಒಂದು ಬಂತು. 2010ರ ಮಾರ್ಚ್‌ನ ಅಪ್‌ಡೇಟ್‌ನಲ್ಲಿ 24 ಮತ್ತು 25 ಫ್ರೇಮ್ ವೇಗ, ಕೈಯಿಂದ ಆಡಿಯೊ ಮಟ್ಟ ಇಡುವ ಸೌಲಭ್ಯ, ವಿಡಿಯೊದಲ್ಲೂ ಶಟರ್ ಪ್ರಯಾರಿಟಿ, ಅಪರ್ಚರ್ ಪ್ರಯಾರಿಟಿ (ಆ ಒಂದನ್ನು ನೀವು ಇಟ್ಟರೆ ಉಳಿದದ್ದನ್ನು ಕ್ಯಾಮೆರಾ ನೋಡಿಕೊಳ್ಳುವ ಮೋಡ್‌ಗಳು) ಸೇರಿದವು.

25 ಫ್ರೇಮ್ ನಮಗೆ ಸಣ್ಣ ವಿಷಯ ಅಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. 30 ಫ್ರೇಮ್‌ನಲ್ಲಿ 1/60 ಶಟರ್ ಇಟ್ಟು ಟ್ಯೂಬ್‌ಲೈಟಿನ ಕೆಳಗೆ ವಿಡಿಯೊ ತೆಗೆದರೆ ಚಿತ್ರದ ಮೇಲೆ ಮಸುಕು ಪಟ್ಟೆಗಳು ಹರಿದಾಡುತ್ತವೆ. 25 ಫ್ರೇಮ್, 1/50 ಶಟರ್ ಇಟ್ಟರೆ ಪ್ರತಿ ಫ್ರೇಮಿಗೂ ಎರಡು ಮಿನುಗು ಪೂರ್ತಿಯಾಗಿ ಸಿಗುತ್ತವೆ, ಪಟ್ಟೆ ಹೋಗುತ್ತದೆ. 5ಡಿ ಮಾರ್ಕ್ 2ರಲ್ಲಿ 25 ಫ್ರೇಮ್ ಕಾಣಬೇಕಾದರೆ ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಅನ್ನು ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ಗೆ ಇಡಬೇಕು. ಬೇರೆ ಅನೇಕ ಕ್ಯಾಮೆರಾಗಳಲ್ಲೂ ಹೀಗೆಯೇ. ಅಮೆರಿಕದಿಂದ ಯಾರೋ ತಂದುಕೊಟ್ಟ ಬಾಡಿ ಅಲ್ಲಿನ ಪದ್ಧತಿಯಾದ ಎನ್‌ಟಿಎಸ್‌ಸಿಯಲ್ಲಿ ಇರಬಹುದು, ಮೊದಲು ಅದನ್ನು ನೋಡಿ.

ಆ ಮಾರ್ಚ್ ಅಪ್‌ಡೇಟ್ ಮೊದಲು ಬಂದದ್ದು 2.0.3 ಅನ್ನುವ ನಂಬರಿನಲ್ಲಿ. ಧ್ವನಿ ರೆಕಾರ್ಡಿಂಗ್‌ನಲ್ಲಿ ದೋಷ ಕಂಡಿದ್ದರಿಂದ ಕ್ಯಾನನ್ ಅದನ್ನು ಹಿಂದಕ್ಕೆ ತಗೊಂಡು, ಸ್ವಲ್ಪ ದಿನದಲ್ಲೇ 2.0.4 ಕೊಟ್ಟಿತು. ಹಾಗಾಗಿ ದುಡಿಮೆಗೆ ಕ್ಯಾಮೆರಾ ಬಳಸುವವರು ಹೊಸ ಫರ್ಮ್‌ವೇರ್ ಬಂದ ದಿನವೇ ಹಾಕಬೇಡಿ. ಕೆಲವು ವಾರ ಬಿಟ್ಟು ಹಾಕಿ. ಮದುವೆ ಸೀಸನ್ ನಡುವೆಯಂತೂ ಬೇಡವೇ ಬೇಡ.

ಅದೇ ಕ್ಯಾಮೆರಾದ ಇನ್ನೊಂದು ಮುಖ ನೋಡಿ. ಫೋಟೊ ತೆಗೆಯುವಾಗ ಎಂ ಮೋಡ್‌ನಲ್ಲಿ ಆಟೊ ಐಎಸ್‌ಒ ಹಾಕಿದರೆ 5ಡಿ ಮಾರ್ಕ್ 2 ಸುಮ್ನೆ 400ಕ್ಕೆ ನಿಲ್ಲುತ್ತದೆ. ಬೆಳಕು ಏರಿದರೂ ಇಳಿದರೂ 400. ಇದನ್ನು ಯಾವ ಅಪ್‌ಡೇಟೂ ಬದಲಿಸಲಿಲ್ಲ. ಹಾಗಾಗಿ ವಿಡಿಯೊಗೆ, ಸ್ಟುಡಿಯೊ ಭಾವಚಿತ್ರಕ್ಕೆ, ಲ್ಯಾಂಡ್‌ಸ್ಕೇಪ್‌ಗೆ ಈ ಹಳೆಯ ಬಾಡಿ ಇವತ್ತಿಗೂ ಒಳ್ಳೆಯ ಆಯ್ಕೆ ಅಂತ ಧೈರ್ಯವಾಗಿ ಹೇಳುತ್ತೇನೆ. ಪಕ್ಷಿ ತೆಗೆಯುವವರಿಗೆ ಹೇಳುವುದಿಲ್ಲ.

ಪಕ್ಷಿಯವರಿಗೆ ಇನ್ನೊಂದು ಹೋಲಿಕೆ. ಕ್ಯಾನನ್‌ನ ದುಬಾರಿ 1ಡಿ ಎಕ್ಸ್‌ಗೆ 2014ರ ಜನವರಿಯಲ್ಲಿ ಬಂದ ಫರ್ಮ್‌ವೇರ್, ಎಂ ಮೋಡ್‌ನಲ್ಲಿ ಆಟೊ ಐಎಸ್‌ಒ ಇದ್ದಾಗಲೂ ಕಾಂಪೆನ್ಸೇಶನ್ ಕೆಲಸ ಮಾಡುವಂತೆ ಮಾಡಿತು. ಫ್ಯೂಜಿಫಿಲ್ಮ್ ಎಕ್ಸ್-ಟಿ1ಗೆ 2015ರಲ್ಲಿ ಬಂದ 4.00 ಫರ್ಮ್‌ವೇರ್ ಅದೇ ಸೌಲಭ್ಯ ಕೊಟ್ಟಿತು. ಅದಕ್ಕೂ ಹಿಂದಿನ 3.00 ಅಪ್‌ಡೇಟ್ 1/32000 ವೇಗದ ಎಲೆಕ್ಟ್ರಾನಿಕ್ ಶಟರ್ ಕೊಟ್ಟಿತ್ತು. ಬಿರುಬಿಸಿಲಲ್ಲಿ ಎಫ್/1.4ರಲ್ಲಿ ತೆಗೆಯುವವರಿಗೆ ಅದು ದೊಡ್ಡ ಉಪಕಾರ. ಕ್ಯಾನನ್ 5ಡಿ ಮಾರ್ಕ್ 3ಗೂ ಅಪ್‌ಡೇಟ್‌ಗಳು ಬಂದವು. 2013ರ 1.2.1ರಲ್ಲಿ ಎಫ್/8ರಲ್ಲೂ ಆಟೊಫೋಕಸ್ ಮಾಡುವ ಶಕ್ತಿ ಬಂತು, ಎಚ್‌ಡಿಎಂಐ ಮೂಲಕ ಪರದೆಯ ಮೇಲಿನ ಅಕ್ಷರ, ಚಿಹ್ನೆಗಳಿಲ್ಲದ ಶುದ್ಧ ವಿಡಿಯೊ ಹೊರಗೆ ಬಂತು. ಎಂ ಮೋಡ್‌ನ ಕಾಂಪೆನ್ಸೇಶನ್ ಮಾತ್ರ ಬರಲಿಲ್ಲ. ಅಪರ್ಚರ್ ಪ್ರಯಾರಿಟಿಯಲ್ಲಿ ಕನಿಷ್ಠ ಶಟರ್ ಸ್ಪೀಡ್ ಇಟ್ಟು ಕೆಲಸ ಸಾಗಿಸೋಣ ಅಂದರೆ ಅಲ್ಲಿ 1/250ಕ್ಕಿಂತ ಮೇಲೆ ಇಡಲಾಗುವುದಿಲ್ಲ. ಹಾರುವ ಹಕ್ಕಿಗೆ 1/250 ಸಾಲದು.

ನಿಕಾನ್ ಡಿ750, ಡಿ500ಗಳಲ್ಲಿ ಎಂ ಮೋಡ್, ಆಟೊ ಐಎಸ್‌ಒ, ಕಾಂಪೆನ್ಸೇಶನ್ ಮೂರೂ ಮೊದಲಿನಿಂದಲೇ ಒಟ್ಟಿಗೆ ಕೆಲಸ ಮಾಡುತ್ತವೆ. ಕ್ಯಾನನ್ 7ಡಿ ಮಾರ್ಕ್ 2ರಲ್ಲೂ ಅಷ್ಟೇ. ಪೆಂಟ್ಯಾಕ್ಸ್ ಅಂತೂ 2006ರ ಕೆ10ಡಿ ಮಾದರಿಯಲ್ಲೇ ಇದಕ್ಕೆಂದು ಡಯಲ್ ಮೇಲೆ ಟಿಎವಿ ಅನ್ನುವ ಪ್ರತ್ಯೇಕ ಮೋಡ್ ಇಟ್ಟಿತ್ತು: ಶಟರ್, ಅಪರ್ಚರ್ ನಿಮ್ಮದು, ಐಎಸ್‌ಒ ಅದರದು. ನಮ್ಮಲ್ಲಿ ಪೆಂಟ್ಯಾಕ್ಸ್ ಸಿಗುವುದು ಕಷ್ಟ ಅನ್ನುವುದೊಂದೇ ಬೇಸರ.

ಅಪ್‌ಡೇಟ್ ಕೊಡುವ ಬುದ್ಧಿ ಕಂಪನಿಗೆ ತಡವಾಗಿಯೂ ಬರಬಹುದು. ಕ್ಯಾನನ್ 7ಡಿ 2009ರದು. 2012ರ ಆಗಸ್ಟ್‌ನಲ್ಲಿ, ಅಂದರೆ ಸುಮಾರು ಮೂರು ವರ್ಷದ ಮೇಲೆ, 2.0 ಫರ್ಮ್‌ವೇರ್ ಬಂದು ಆಟೊ ಐಎಸ್‌ಒಗೆ ಗರಿಷ್ಠ ಮಿತಿ ಇಡುವ ಅವಕಾಶ, ವಿಡಿಯೊಗೆ ಕೈಯಿಂದ ಆಡಿಯೊ ಮಟ್ಟ, ಒಂದೇ ಓಟದಲ್ಲಿ 15ರ ಬದಲು 25 ರಾ ಚಿತ್ರ (ಸೆನ್ಸರ್ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ ಫೈಲ್) ಕೊಟ್ಟಿತು. ಸೆಕೆಂಡ್ ಹ್ಯಾಂಡ್ 7ಡಿ ಕೈಗೆ ಬಂದರೆ ಫರ್ಮ್‌ವೇರ್ ನಂಬರ್ 1ರಿಂದ ಶುರುವಾಗುತ್ತದಾ ಅಂತ ಮೊದಲು ನೋಡಿ. ಹಾಗಿದ್ದರೆ ಹಿಂದಿನ ಮಾಲೀಕರು ಇದ್ಯಾವುದನ್ನೂ ಬಳಸಿಲ್ಲ ಅಂತ ಅರ್ಥ.

ಹೊರಗಿನವರು ಬರೆದ ಫರ್ಮ್‌ವೇರ್: ಸಿಎಚ್‌ಡಿಕೆ ಮತ್ತು ಮ್ಯಾಜಿಕ್ ಲ್ಯಾಂಟರ್ನ್

ಎರಡೂ ಕ್ಯಾನನ್ ಕ್ಯಾಮೆರಾಗಳಿಗೇ. ಎರಡೂ ಉಚಿತ. ಎರಡೂ ಮೆಮೊರಿ ಕಾರ್ಡಿನಿಂದ ಓಡುತ್ತವೆ, ಕ್ಯಾನನ್ ಫರ್ಮ್‌ವೇರನ್ನು ಅಳಿಸಿ ಆ ಜಾಗದಲ್ಲಿ ಕೂರುವುದಿಲ್ಲ. ಆದರೆ ಅಪಾಯದ ಮಟ್ಟ ಬೇರೆ ಬೇರೆ, ಬಳಸುವವರೂ ಬೇರೆ.

ಸಿಎಚ್‌ಡಿಕೆ ಸಣ್ಣ ಪವರ್‌ಶಾಟ್, ಇಕ್ಸಸ್ ಕ್ಯಾಮೆರಾಗಳಿಗೆ. ಬೀರುವಿನಲ್ಲಿ ಬಿದ್ದಿರುವ, ಎಂ ಮೋಡ್ ಇಲ್ಲದ ಪಾಯಿಂಟ್ ಅಂಡ್ ಶೂಟ್ ಒಂದು ನಿಮ್ಮ ಮನೆಯಲ್ಲೂ ಇರಬಹುದು. ಸಿಎಚ್‌ಡಿಕೆ ಹಾಕಿದರೆ ಅದರಲ್ಲಿ ಶಟರ್ ಸ್ಪೀಡ್ ಮತ್ತು ಐಎಸ್‌ಒ ಕೈಯಿಂದ ಇಡಬಹುದು. ರಾ ಫೈಲ್ ಸಿಗುತ್ತದೆ. ಪರದೆ ಮೇಲೆ ಜೀವಂತ ಹಿಸ್ಟೋಗ್ರಾಮ್ (ಚಿತ್ರದಲ್ಲಿ ಕತ್ತಲು, ಬೆಳಕು ಎಷ್ಟೆಷ್ಟಿದೆ ತೋರಿಸುವ ನಕ್ಷೆ), ಜೀಬ್ರಾ ಬರುತ್ತವೆ. ಎಷ್ಟೋ ಮಾದರಿಗಳಲ್ಲಿ ಶಟರನ್ನು ಒಂದು ನಿಮಿಷದವರೆಗೂ ತೆರೆದಿಡಬಹುದು. ಸಣ್ಣ ಸ್ಕ್ರಿಪ್ಟ್ ಹಾಕಿದರೆ ಇಷ್ಟಿಷ್ಟು ಹೊತ್ತಿಗೊಂದು ಚಿತ್ರ ತಾನೇ ತೆಗೆಯುತ್ತದೆ. ಫ್ರೇಮಿನಲ್ಲಿ ಬದಲಾವಣೆ ಕಂಡಾಗ ಮಾತ್ರ ಕ್ಲಿಕ್ ಮಾಡುವ ಸ್ಕ್ರಿಪ್ಟ್ ಕೂಡ ಇದೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಮಿಂಚು ಹಿಡಿಯಲು ಜನ ಅದನ್ನು ಹಾಕಿ ತಾರಸಿ ಕಿಟಕಿಯ ಬಳಿ ಇಡುತ್ತಾರೆ.

ಅದು ಶುರುವಾಗುವ ರೀತಿ ನನಗೆ ತುಂಬಾ ಇಷ್ಟ. ಎಸ್‌ಡಿ ಕಾರ್ಡಿನ ಪಕ್ಕದಲ್ಲಿ ಸಣ್ಣ ಲಾಕ್ ಇರುತ್ತದೆ, ಅಲ್ವಾ? ಕಾರ್ಡನ್ನು ಅದಕ್ಕೆ ಸಿದ್ಧಪಡಿಸಿದ ಮೇಲೆ ಲಾಕ್ ಹಾಕಿ ಕ್ಯಾಮೆರಾ ಆನ್ ಮಾಡಿದರೆ ಸಿಎಚ್‌ಡಿಕೆ ಬರುತ್ತದೆ. ಲಾಕ್ ತೆಗೆದರೆ ಕ್ಯಾಮೆರಾ ಹಳೆಯ ಹಾಗೆ. ಒಂದು ಷರತ್ತು ಇದೆ: ನಿಮ್ಮ ಮಾದರಿಯ ಒಳಗಿನ ಫರ್ಮ್‌ವೇರ್ 1.00ಬಿ ಆಗಿದ್ದರೆ 1.00ಬಿಗೆ ಬರೆದ ಸಿಎಚ್‌ಡಿಕೆಯೇ ಬೇಕು. 1.01ಎಗೆ ಬರೆದದ್ದು ಓಡುವುದಿಲ್ಲ.

ಅಪರ್ಚರ್ ವಿಷಯದಲ್ಲಿ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಅನೇಕ ಇಕ್ಸಸ್ ಮಾದರಿಗಳಲ್ಲಿ ಅಗಲ ಕಿರಿದಾಗುವ ಅಪರ್ಚರ್ ಎಲೆಗಳೇ ಇಲ್ಲ. ಬೆಳಕು ಜಾಸ್ತಿಯಾದರೆ ಒಳಗೆ ಬೆಳಕು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಅಡ್ಡ ಬರುತ್ತದೆ, ಅಷ್ಟೇ. ಸಾಫ್ಟ್‌ವೇರ್ ಆ ಫಿಲ್ಟರನ್ನು ತರಬಲ್ಲದು, ತೆಗೆಯಬಲ್ಲದು. ಇಲ್ಲದ ಎಲೆಗಳನ್ನು ಹುಟ್ಟಿಸಲಾರದು.

ಮ್ಯಾಜಿಕ್ ಲ್ಯಾಂಟರ್ನ್ ಡಿಎಸ್‌ಎಲ್‌ಆರ್‌ಗಳಿಗೆ. ಟ್ರಾಮೆಲ್ ಹಡ್ಸನ್ ಅನ್ನುವವರು 2009ರಲ್ಲಿ 5ಡಿ ಮಾರ್ಕ್ 2ಗಾಗಿಯೇ ಇದನ್ನು ಶುರು ಮಾಡಿದರು. ಆಮೇಲೆ ಬೇರೆ ಮಾದರಿಗಳಿಗೂ ಬಂತು. ಜೀಬ್ರಾ, ಫೋಕಸ್ ಪೀಕಿಂಗ್ (ಫೋಕಸ್ ಆದ ಅಂಚುಗಳನ್ನು ಎತ್ತಿ ತೋರಿಸುವುದು), ಆಡಿಯೊ ಮೀಟರ್, ಇಷ್ಟಿಷ್ಟು ಹೊತ್ತಿಗೊಂದು ಚಿತ್ರ ತೆಗೆಯುವ ಇಂಟರ್‌ವೆಲ್ ಟೈಮರ್, ಶಟರನ್ನು ಬಹಳ ಹೊತ್ತು ತೆರೆದಿಡುವ ಬಲ್ಬ್ ಟೈಮರ್ ಎಲ್ಲ ಸಿಗುತ್ತವೆ. 550ಡಿಯಲ್ಲಿ ಕ್ಯಾನನ್ ಕೊಡದ ಆಡಿಯೊ ಮಟ್ಟದ ಹಿಡಿತ ಇದರಿಂದ ಸಿಗುತ್ತದೆ. 50ಡಿಯಲ್ಲಿ ಕ್ಯಾನನ್ ವಿಡಿಯೊವನ್ನೇ ಇಟ್ಟಿರಲಿಲ್ಲ. ಮ್ಯಾಜಿಕ್ ಲ್ಯಾಂಟರ್ನ್ ಅದರಲ್ಲೂ ವಿಡಿಯೊ ತೆಗೆಸಿತು. ಮೈಕ್ ಇಲ್ಲವಾದ್ದರಿಂದ ಧ್ವನಿ ಮಾತ್ರ ಬರುವುದಿಲ್ಲ. 2013ರಲ್ಲಿ ರಾ ವಿಡಿಯೊ ಬಂದಾಗ ಈ ಹಳೆಯ ಬಾಡಿಗಳಿಗೆ ಹೊಸ ಬೇಡಿಕೆಯೇ ಹುಟ್ಟಿತು.

ಇದು ಸಿಎಚ್‌ಡಿಕೆಯಷ್ಟು ಹಗುರವಾದ ಕೆಲಸ ಅಲ್ಲ. ಕಾರ್ಡಿನಿಂದ ಶುರುವಾಗು ಅನ್ನುವ ಒಂದು ಗುರುತನ್ನು ಇದು ಕ್ಯಾಮೆರಾದ ಒಳಗೇ ಬರೆಯುತ್ತದೆ. ಆಮೇಲೆ ಸರಿಯಾಗಿ ಸಿದ್ಧಪಡಿಸದ ಕಾರ್ಡ್ ಹಾಕಿದರೆ ಕ್ಯಾಮೆರಾ ಆನ್ ಆಗದೆ ಕೂರಬಹುದು. ಆಗ ಗಾಬರಿ ಬೇಡ, ಬ್ಯಾಟರಿ ಮತ್ತು ಕಾರ್ಡ್ ತೆಗೆದು ಬೇರೆ ಕಾರ್ಡ್ ಹಾಕಿ ನೋಡಿ. ಕಾರ್ಡಿನ ಬಾಗಿಲು ತೆರೆಯುವ ಮುನ್ನ ಕೆಂಪು ದೀಪ ಆರಿದೆಯಾ ನೋಡುವ ಅಭ್ಯಾಸವೂ ಬೇಕು.

ಇನ್ನೊಂದು ಮುಖ್ಯ ವಿಷಯ. ಮ್ಯಾಜಿಕ್ ಲ್ಯಾಂಟರ್ನ್‌ಗೆ ಕ್ಯಾನನ್ ಫರ್ಮ್‌ವೇರ್ ನಿರ್ದಿಷ್ಟ ನಂಬರಿನದೇ ಆಗಿರಬೇಕು. 5ಡಿ ಮಾರ್ಕ್ 2ಗೆ 2.1.2, 7ಡಿಗೆ 2.0.3, 600ಡಿಗೆ 1.0.2, 550ಡಿಗೆ 1.0.9. 5ಡಿ ಮಾರ್ಕ್ 3ಗೆ 1.1.3 ಇಲ್ಲವೇ 1.2.3 ಬೇಕು. ಕ್ಯಾನನ್ ಆಮೇಲೂ ಅದಕ್ಕೆ ಹೊಸ ಅಪ್‌ಡೇಟ್ ಕೊಟ್ಟಿದೆ. ಆದ್ದರಿಂದ ಈ ದಾರಿ ಹಿಡಿಯುವವರು ಕಂಪನಿಯ ಕೊನೆಯ ಅಪ್‌ಡೇಟ್ ಹಾಕಿಕೊಂಡು ಕೂರಬಾರದು. ಯಾವ ನಂಬರ್ ಬೇಕು ಅಂತ ನೋಡಿಕೊಂಡು ಅಲ್ಲಿಗೆ ನಿಲ್ಲಬೇಕು.

ಎರಡರಲ್ಲಿ ಯಾವುದು? ಎಕ್ಸ್‌ಪೋಶರ್ ಕಲಿಯುತ್ತಿರುವ ಶಾಲೆ, ಕಾಲೇಜು ಮಕ್ಕಳಿಗೆ ಹಳೆಯ ಪವರ್‌ಶಾಟ್ ಮೇಲೆ ಸಿಎಚ್‌ಡಿಕೆ ಹಾಕಿಕೊಡಿ. ಖರ್ಚಿಲ್ಲ, ಕಲಿಕೆ ತುಂಬಾ. ಸಣ್ಣ ಚಿತ್ರ ಮಾಡುವವರು, ಟೈಮ್‌ಲ್ಯಾಪ್ಸ್ ಮಾಡುವವರು ಮ್ಯಾಜಿಕ್ ಲ್ಯಾಂಟರ್ನ್ ನೋಡಿ. ಮುಹೂರ್ತದ ಹೊತ್ತಿಗೆ ತಪ್ಪಬಾರದ ಕೆಲಸಕ್ಕೆ ಎರಡೂ ಬೇಡ. ಅಲ್ಲಿ ಕಂಪನಿಯ ಫರ್ಮ್‌ವೇರ್ ಮಾತ್ರ ಇರಲಿ.

ಯಾವ ಫರ್ಮ್‌ವೇರೂ ದಾಟದ ಗೋಡೆ

ನಿಕಾನ್ ಡಿ7000 ಮತ್ತು ಡಿ600ರಲ್ಲಿ ವಿಡಿಯೊಗೆ ಶಟರ್, ಐಎಸ್‌ಒ ಕೈಯಿಂದ ಇಡಬಹುದು. ಅಪರ್ಚರ್ ಮಾತ್ರ ಲೈವ್ ವ್ಯೂ (ದೃಶ್ಯವನ್ನು ಹಿಂದಿನ ಪರದೆಯಲ್ಲಿ ನೋಡುವುದು) ಶುರು ಮಾಡುವ ಮುನ್ನವೇ ಇಡಬೇಕು. ಬದಲಿಸಬೇಕಾದರೆ ಲೈವ್ ವ್ಯೂ ನಿಲ್ಲಿಸಿ, ಬದಲಿಸಿ, ಮತ್ತೆ ಶುರು ಮಾಡಬೇಕು. ಲೆನ್ಸಿನ ಅಪರ್ಚರ್ ಸನ್ನೆಯನ್ನು ಬಾಡಿಯೊಳಗಿನ ಯಂತ್ರ ಎಳೆಯುವ ರೀತಿಯೇ ಹಾಗಿದೆ. ಅದೇ ಕಂಪನಿಯ ಡಿ800ರಲ್ಲಿ ಆ ತೊಂದರೆ ಇಲ್ಲ. ಅಪ್‌ಡೇಟ್ ಬರಬಹುದು ಅಂತ ಕಾಯುತ್ತಾ ಡಿ600 ಕೊಂಡರೆ ಕಾಯುತ್ತಲೇ ಇರಬೇಕಾಗುತ್ತದೆ.

ದೀಪದ ಮಿನುಗು ಇನ್ನೊಂದು ಉದಾಹರಣೆ. 2014ರ 7ಡಿ ಮಾರ್ಕ್ 2, ಒಳಾಂಗಣ ಕ್ರೀಡಾಂಗಣದ ದೀಪ ಮಿನುಗುವುದನ್ನು ಅಳೆದು, ಬೆಳಕು ಪೂರ್ತಿ ಇರುವ ಕ್ಷಣಕ್ಕೆ ಶಟರ್ ಬಿಡುತ್ತದೆ. ಅದಕ್ಕೆ ಅದರ ಹೊಸ ಮೀಟರಿಂಗ್ ಸೆನ್ಸರ್ ಕಾರಣ. ಹಳೆಯ 7ಡಿಗೆ ಸಾಫ್ಟ್‌ವೇರ್ ಬರೆದು ಅದನ್ನು ತರಲಾಗುವುದಿಲ್ಲ. ಒಳಾಂಗಣ ಕಬಡ್ಡಿ, ಷಟಲ್ ಟೂರ್ನಿ ತೆಗೆಯುವವರಿಗೆ ಈ ಒಂದು ಕಾರಣಕ್ಕೇ ಮಾರ್ಕ್ 2ಗೆ ಜಾಸ್ತಿ ದುಡ್ಡು ಕೊಡುವುದು ಸರಿ. ರಾತ್ರಿಯ ಯಕ್ಷಗಾನ ತೆಗೆಯುವವರಿಗೆ ಅಷ್ಟು ಖಚಿತವಾಗಿ ಹೇಳಲಾರೆ. ರಂಗಸ್ಥಳಕ್ಕೆ ಈಗ ಹಾಕುವ ಎಲ್‌ಇಡಿ ದೀಪಗಳಲ್ಲಿ ಕೆಲವು 100 ಹರ್ಟ್ಸ್ ಲೆಕ್ಕಕ್ಕೆ ಸಿಗದ ವೇಗದಲ್ಲಿ ಮಿನುಗುತ್ತವೆ.

ಮಿರರ್‌ಲೆಸ್‌ಗೆ ಹೋಗುವುದು ಯಾವಾಗ ಸರಿ

ಮಿರರ್‌ಲೆಸ್, ಅಂದರೆ ಕನ್ನಡಿ ಇಲ್ಲದೆ ಸೆನ್ಸರ್ ಕಂಡದ್ದನ್ನೇ ಪರದೆಯಲ್ಲಿ ತೋರಿಸುವ ಕ್ಯಾಮೆರಾ, ಕೊಡುವ ದೊಡ್ಡ ಲಾಭ ನನ್ನ ಮಟ್ಟಿಗೆ ಆಟೊಫೋಕಸ್‌ಗಿಂತ ಇದು: ಎಂ ಮೋಡ್‌ನಲ್ಲಿ ಡಯಲ್ ತಿರುಗಿಸುತ್ತಿದ್ದಂತೆ ಚಿತ್ರ ಕಪ್ಪಾಗುವುದು, ಬೆಳಗುವುದು ಕಣ್ಣಿಗೇ ಕಾಣುತ್ತದೆ. ಹಿಸ್ಟೋಗ್ರಾಮ್ ಕ್ಲಿಕ್ ಮಾಡುವ ಮುನ್ನವೇ ಸಿಗುತ್ತದೆ. ಜೀಬ್ರಾ ಬಹುತೇಕ ಬಾಡಿಗಳಲ್ಲಿ ಮೊದಲೇ ಇರುತ್ತದೆ. ಮ್ಯಾಜಿಕ್ ಲ್ಯಾಂಟರ್ನ್ ಹಾಕಿ ಪಡೆಯುವುದರಲ್ಲಿ ಅರ್ಧ ಇಲ್ಲೇ ಬಂತು.

ಅಪ್‌ಡೇಟ್ ಕೊಡುವುದರಲ್ಲೂ ಕಂಪನಿಗಳು ಈಗ ಮೊದಲಿಗಿಂತ ಧಾರಾಳ. ಸೋನಿ ಎ7 3ಕ್ಕೆ 2019ರ ಏಪ್ರಿಲ್‌ನ 3.0 ಫರ್ಮ್‌ವೇರ್ ಇಂಟರ್‌ವೆಲ್ ಶೂಟಿಂಗ್ ಕೊಟ್ಟಿತು, ಪ್ರಾಣಿಗಳ ಕಣ್ಣು ಹಿಡಿಯುವ ಫೋಕಸ್ ಕೊಟ್ಟಿತು. ನಿಕಾನ್ ಜೆಡ್9ಗೆ 2022ರ ಏಪ್ರಿಲ್‌ನ 2.00ರಲ್ಲಿ ಕ್ಯಾಮೆರಾದೊಳಗೇ ರಾ ವಿಡಿಯೊ ಬಂತು, ಬಟನ್ ಒತ್ತುವುದಕ್ಕೂ ಮುಂಚಿನ ಕ್ಷಣಗಳನ್ನು ಉಳಿಸುವ ಸೌಲಭ್ಯ ಬಂತು. ಆದರೂ ಮುಂದೆ ಬರಬಹುದಾದ ಅಪ್‌ಡೇಟ್ ನಂಬಿ ಯಾವ ಕ್ಯಾಮೆರಾವನ್ನೂ ಕೊಳ್ಳಬೇಡಿ. ಇವತ್ತು ಅದರಲ್ಲಿ ಏನಿದೆಯೋ ಅದಕ್ಕೆ ಮಾತ್ರ ಬೆಲೆ ಕಟ್ಟಿ.

ಅಪ್‌ಡೇಟ್ ಹಾಕುವ ಮುನ್ನ

ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಇಳಿಸಿಕೊಂಡ ಫೈಲನ್ನು ಜಿಪ್ ಬಿಚ್ಚಿ, ಯಾವ ಫೋಲ್ಡರಿನೊಳಗೂ ಹಾಕದೆ ಕಾರ್ಡಿಗೆ ನೇರವಾಗಿ ಹಾಕಿ. ಕಂಪನಿಯ ಸೈಟನ್ನು ಬಿಟ್ಟು ಬೇರೆ ಕಡೆಯಿಂದ ಇಳಿಸಬೇಡಿ. ನಿಮ್ಮ ಸೆಟ್ಟಿಂಗ್‌ಗಳನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಕೆಲವೊಮ್ಮೆ ಅಳಿಸಿಹೋಗುತ್ತವೆ. ಅಪ್‌ಡೇಟ್ ನಡೆಯುವಾಗ ಸ್ವಿಚ್ ಮುಟ್ಟಬೇಡಿ. ಹಳೆಯ ಸೋನಿ ಮಾದರಿಗಳಿಗೆ ಕಂಪ್ಯೂಟರಿನಿಂದ ಯುಎಸ್‌ಬಿ ಕೇಬಲ್ ಹಾಕಿಯೇ ಮಾಡಬೇಕು. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ ಹೇಳಲಾಗದು, ಅದಕ್ಕೆ ಡೆಸ್ಕ್‌ಟಾಪ್ ಬದಲು ಲ್ಯಾಪ್‌ಟಾಪ್ ಬಳಸಿ.

ಸಿಗ್ಮಾ, ಟ್ಯಾಮ್ರಾನ್, ವಿಲ್ಟ್ರಾಕ್ಸ್ ತರಹದ ಬೇರೆ ಕಂಪನಿಯ ಲೆನ್ಸ್ ಇದ್ದರೆ ಅವರ ಸೈಟನ್ನೂ ಒಮ್ಮೆ ನೋಡಿ. ಬಾಡಿ ಅಪ್‌ಡೇಟ್ ಆದ ಮೇಲೆ ಲೆನ್ಸ್ ಜೊತೆ ಮಾತುಕತೆ ಕೆಡುವುದುಂಟು. ಆಗ ಲೆನ್ಸಿಗೂ ಅಪ್‌ಡೇಟ್ ಬೇಕಾಗುತ್ತದೆ. ಸಿಗ್ಮಾದ ಡಿಎಸ್‌ಎಲ್‌ಆರ್ ಲೆನ್ಸುಗಳಿಗೆ ಅದಕ್ಕೆಂದೇ ಕಂಪ್ಯೂಟರಿಗೆ ಜೋಡಿಸುವ ಡಾಕ್ ಇದೆ, ವಿಲ್ಟ್ರಾಕ್ಸ್ ಲೆನ್ಸುಗಳಲ್ಲಿ ಯುಎಸ್‌ಬಿ ಕಿಂಡಿಯೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಬಾಡಿ ನೋಡಲು ಹೋದಾಗ ಚಾರ್ಜ್ ಇರುವ ಬ್ಯಾಟರಿ, ಒಂದು ಕಾರ್ಡ್ ಕೈಯಲ್ಲಿರಲಿ. ಮೆನುವಿನಲ್ಲಿ ಫರ್ಮ್‌ವೇರ್ ನಂಬರ್ ನೋಡಿ ಬರೆದುಕೊಳ್ಳಿ. ಎಂ ಮೋಡ್‌ಗೆ ಹಾಕಿ, ಐಎಸ್‌ಒ ಆಟೊ ಮಾಡಿ, ಕಾಂಪೆನ್ಸೇಶನ್ ಒಂದು ಸ್ಟಾಪ್ ಕೆಳಗೆ ಎಳೆದು ಐಎಸ್‌ಒ ಅರ್ಧಕ್ಕೆ ಇಳಿಯುತ್ತದಾ ನೋಡಿ. ವಿಡಿಯೊ ಬೇಕಾದವರು 25 ಫ್ರೇಮ್, 1/50 ಇಟ್ಟು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೇ ಒಂದು ನಿಮಿಷ ರೆಕಾರ್ಡ್ ಮಾಡಿ, ನಡುವೆ ಅಪರ್ಚರ್ ತಿರುಗಿಸಿ ನೋಡಿ. ಮಾರುವವರು ಹೊಸ ಫರ್ಮ್‌ವೇರ್ ಹಾಕಿಕೊಡ್ತೀನಿ ಅಂದರೆ ಅಲ್ಲಿ ಬೇಡ ಅನ್ನಿ. ಮನೆಗೆ ತಂದು, ನಿಮಗೆ ಬೇಕಾದ ದಾರಿ ಯಾವುದು ಅಂತ ಗೊತ್ತುಮಾಡಿಕೊಂಡು, ಅದಕ್ಕೆ ಹೊಂದುವ ನಂಬರನ್ನು ನೀವೇ ಹಾಕಿಕೊಳ್ಳಿ.